ಬೇರೆಯಾಗಿರುವ ತಂದೆ ತಾಯಿ ಮಗುವಿನ ಜೀವನಾಂಶವನ್ನು ಹೇಗೆ ನಿಗದಿಪಡಿಸಿಕೊಳ್ಳಬೇಕು?

ಮಗು ಮಂಜೇಶ್ವರದಲ್ಲಿ ತಾಯಿಯ ಬಳಿ ಇದೆ, ತಂದೆಯ ಉದ್ಯೋಗ ಮಂಗಳೂರಿನಲ್ಲಿ. ಬಾಯಿಮಾತಿನ ಒಪ್ಪಂದ ಸಾಕೇ ಎಂಬುದು ನಿಮ್ಮ ಪ್ರಶ್ನೆ. ಸಾಲದು ಎಂದೇ ನನ್ನ ಅಭಿಪ್ರಾಯ. ಮಾತುಕತೆ ಸಾಧ್ಯವಿರುವಾಗಲೇ ತಿಂಗಳ ಮೊತ್ತ, ಪಾವತಿಯ ದಿನಾಂಕ, ಜೂನ್‌ನಲ್ಲಿ ಒಮ್ಮೆಲೇ ಎದುರಾಗುವ ಪುಸ್ತಕ, ಸಮವಸ್ತ್ರ, ಶಾಲಾ ವಾಹನದ ಖರ್ಚು, ಆಸ್ಪತ್ರೆಯ ವೆಚ್ಚದಲ್ಲಿ ಯಾರ ಪಾಲು ಎಷ್ಟು, ವರ್ಷಕ್ಕೊಮ್ಮೆ ಎಷ್ಟು ಏರಿಕೆ ಎಂಬುದನ್ನೆಲ್ಲ ಬರೆದು ಇಬ್ಬರೂ ಸಹಿ ಹಾಕಿ. ನಗದು ಬೇಡ, ಬ್ಯಾಂಕ್ ಖಾತೆಗೆ ಹಾಕುವಾಗ ‘ಜೂನ್ ತಿಂಗಳ ಜೀವನಾಂಶ’ ಎಂದು ನಮೂದಿಸಿದರೆ ಕೊಟ್ಟವರಿಗೂ ಪಡೆದವರಿಗೂ ಅದೇ ದಾಖಲೆ.

ಆದರೆ ಖಾಸಗಿ ಕರಾರು ಮುರಿದರೆ ವಸೂಲಿ ಸುಲಭವಲ್ಲ. ಕುಟುಂಬ ನ್ಯಾಯಾಲಯದ ಆದೇಶವಿದ್ದರೆ ಬಾಕಿಗಾಗಿ ವಾರಂಟ್ ಹೊರಡಿಸಬಹುದು. ಅದಕ್ಕೆ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು, ಈ ಗಡುವನ್ನು ಮರೆಯಲೇಬಾರದು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಮಿನ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ, ತಂದೆ ಕರ್ನಾಟಕದಲ್ಲಿದ್ದರೂ ತಾಯಿ ತಾನು ವಾಸಿಸುವ ಕೇರಳದ ಕಾಸರಗೋಡು ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಸುಪ್ರೀಂ ಕೋರ್ಟಿನ 2020ರ ತೀರ್ಪಿನಂತೆ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಅಫಿಡವಿಟ್ ಕೊಡಬೇಕು, ಜೀವನಾಂಶವನ್ನು ಅರ್ಜಿಯ ದಿನದಿಂದಲೇ ಲೆಕ್ಕ ಹಾಕಬೇಕು. ಅರ್ಜಿ ಹಾಕಲು ವಿಚ್ಛೇದನ ಆಗಿರಲೇಬೇಕೆಂದಿಲ್ಲ.

ಮಹಿಳೆಯರಿಗೂ ಮಕ್ಕಳಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಉಚಿತ ವಕೀಲರು ದೊರೆಯುತ್ತಾರೆ. ಮಲಯಾಳಂ ಓದಲು ಬಾರದಿದ್ದರೆ ಕನ್ನಡ ಬಲ್ಲ ವಕೀಲರನ್ನು ಸಂಕೋಚವಿಲ್ಲದೆ ಕೇಳಿ; ಅಫಿಡವಿಟ್ಟಿನ ಪ್ರತಿ ಸಾಲನ್ನೂ ಓದಿಸಿ, ಅರ್ಥ ಮಾಡಿಕೊಂಡ ನಂತರವೇ ಸಹಿ ಹಾಕಿ.