ಅಂಕೋಲೆಯಿಂದ ಲೋಕಸಭೆಗೆ

ಪ್ರಶ್ನೆ: 2023ರಲ್ಲಿ ಶಿರಸಿಯಲ್ಲಿ ಸೋತ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಮರುವರ್ಷವೇ ಲೋಕಸಭೆಗೆ ಆರಿಸಿ ಬಂದದ್ದು ಹೇಗೆ?
– ಓದುಗರೊಬ್ಬರು, ಕಾರವಾರ

ಉತ್ತರ: ಕಾಗೇರಿಯವರು 1994ರಲ್ಲಿ ಅಂಕೋಲಾ ಕ್ಷೇತ್ರದಿಂದ ಭಾಜಪದ ಶಾಸಕರಾದರು, ಅಲ್ಲಿ ಮೂರು ಬಾರಿ ಗೆದ್ದ ಮೇಲೆ, ಕ್ಷೇತ್ರ ಮರುವಿಂಗಡಣೆಯಲ್ಲಿ ಆ ಕ್ಷೇತ್ರವೇ ಇಲ್ಲವಾದ್ದರಿಂದ, 2008ರಲ್ಲಿ ಘಟ್ಟದ ಮೇಲಿನ ಶಿರಸಿಗೆ ಬಂದು ಮತ್ತೆ ಮೂರು ಬಾರಿ ಆಯ್ಕೆಯಾದರು. ನಡುವೆ ಶಿಕ್ಷಣ ಸಚಿವರಾದರು, 2019ರಲ್ಲಿ ವಿಧಾನಸಭಾಧ್ಯಕ್ಷರಾದರು. ಸಭಾಧ್ಯಕ್ಷರಾದವರು ಮುಂದಿನ ಚುನಾವಣೆಯಲ್ಲಿ ಸೋಲುತ್ತಾರೆಂಬ ಮಾತು ನಮ್ಮ ರಾಜ್ಯದಲ್ಲಿದೆ. 2018ರಲ್ಲಿ ಆಗಿನ ಸಭಾಧ್ಯಕ್ಷ ಕೆ.ಬಿ. ಕೋಳಿವಾಡರೂ ಸೋತಿದ್ದರು. ಇದನ್ನು ಶಾಪವೆನ್ನುವುದಕ್ಕಿಂತ, ಪೀಠದಲ್ಲಿ ಕುಳಿತವರು ತಮ್ಮ ಕ್ಷೇತ್ರದ ಪರವಾಗಿ ಸದನದಲ್ಲಿ ದನಿಯೆತ್ತಲಾರರು ಎನ್ನುವುದೇ ಸರಿಯೆಂದು ನನಗೆ ತೋರುತ್ತದೆ.

2023ರಲ್ಲಿ ಕಾಗೇರಿಯವರನ್ನು ಸೋಲಿಸಿದವರು ಕಾಂಗ್ರೆಸ್ಸಿನ ಭೀಮಣ್ಣ ನಾಯ್ಕ. ಆದರೆ ಉತ್ತರ ಕನ್ನಡ ಲೋಕಸಭಾ ಕ್ಷೇತ್ರವು ಆ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳ ಜೊತೆಗೆ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರುಗಳನ್ನೂ ಒಳಗೊಂಡ ವಿಶಾಲ ಕ್ಷೇತ್ರವಾದ್ದರಿಂದ, ಒಂದು ಊರಿನ ಅಸಮಾಧಾನಕ್ಕಿಂತ ಪಕ್ಷದ ಬಲವೇ ಅಲ್ಲಿ ಹೆಚ್ಚು ತೂಗುತ್ತದೆ. 2024ರಲ್ಲಿ ಆಗಿನ ಭಾಜಪ ಸಂಸದ ಅನಂತಕುಮಾರ ಹೆಗಡೆಯವರ ಬದಲಿಗೆ ಟಿಕೆಟ್ ಪಡೆದ ಕಾಗೇರಿಯವರು, ಕಾಂಗ್ರೆಸ್ಸಿನ ಅಭ್ಯರ್ಥಿ, ಖಾನಾಪುರದ ಮಾಜಿ ಶಾಸಕಿ ಅಂಜಲಿ ನಿಂಬಾಳ್ಕರ್ ಅವರನ್ನು ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಸೋಲಿಸಿದರು.