ಓದುಗರ ಪ್ರಶ್ನೆ: ಬಿಚ್ಚಿದ ಮನೆ ಮತ್ತೆ ನಿಲ್ಲುವುದು ಹೇಗೆ?

ಪ್ರಶ್ನೆ: ಮಣಿಪಾಲದ ಹೆರಿಟೇಜ್ ವಿಲೇಜ್‌ನಲ್ಲಿ ಬೇರೆ ಬೇರೆ ಊರಿನ ಹಳೆಯ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿದ್ದಾರೆ. ಡೆನ್ಮಾರ್ಕಿನಲ್ಲಿ ಶಾಲಾ ಮೇಷ್ಟ್ರೊಬ್ಬರು ಎಷ್ಟೋ ಹಿಂದೆಯೇ ಹೀಗೆ ಮ್ಯೂಸಿಯಂ ಕಟ್ಟಿದರಂತೆ. ಯಾರವರು? ಇಡೀ ಮನೆಯನ್ನು ಬಿಚ್ಚಿ ಜೋಡಿಸುವುದು ಹೇಗೆ?
— ಓದುಗರೊಬ್ಬರು, ಉಡುಪಿ

ಉತ್ತರ: ಅವರು ಆರ್ಹುಸ್ ಪಟ್ಟಣದ ಪೀಟರ್ ಹೋಲ್ಮ್ (1873–1950). ಪಾಠ ಹೇಳುತ್ತಿದ್ದರು, ಭಾಷಾಂತರವನ್ನೂ ಮಾಡುತ್ತಿದ್ದರು. 1597ರಲ್ಲಿ ಕಟ್ಟಿದ್ದ ದೊಡ್ಡ ಮನೆಯೊಂದು ನೆಲಸಮವಾಗುವ ಹೊತ್ತಿಗೆ ಅದನ್ನು ಉಳಿಸಲು ಓಡಾಡಿದರು. 1909ರಲ್ಲಿ ಆರ್ಹುಸ್‌ನಲ್ಲಿ ನಡೆದ ರಾಷ್ಟ್ರೀಯ ವಸ್ತುಪ್ರದರ್ಶನದಲ್ಲಿ ಅದು ಮರಳಿ ನಿಂತಿತು. ಪ್ರದರ್ಶನ ಮುಗಿದ ಮೇಲೆ ಸಸ್ಯೋದ್ಯಾನಕ್ಕೆ ಹೋಯಿತು; 1914ರಲ್ಲಿ ಅಲ್ಲೇ ‘ದೆನ್ ಗಾಮ್ಲೆ ಬೂ’, ಅಂದರೆ ಹಳೇ ಪೇಟೆ, ಬಾಗಿಲು ತೆರೆಯಿತು. ಸ್ವೀಡನ್ನಿನ ಸ್ಕಾನ್ಸೆನ್ ಎಂಬ ಬಯಲು ಮ್ಯೂಸಿಯಂ (1891) ಮುಖ್ಯವಾಗಿ ಹಳ್ಳಿಯ ಬದುಕನ್ನು ಕೂಡಿಟ್ಟಿತ್ತು. ಪೇಟೆಯ ವರ್ತಕ, ಕುಶಲಕರ್ಮಿಗಳ ಮನೆಗಳಿಗೂ ಆ ಮರ್ಯಾದೆ ಸಲ್ಲಬೇಕೆಂದು ಕಂಡದ್ದೇ ಹೋಲ್ಮ್ ಅವರ ಹಿರಿಮೆ. 1945ರವರೆಗೆ ಅವರೇ ಹಳೇ ಪೇಟೆಯನ್ನು ನಡೆಸಿದರು.

ಇನ್ನು ಕೆಲಸದ ಮಾತು. ಅಲ್ಲಿನ ಹಳೆಯ ಮನೆಗಳ ಭಾರ ಹೊರುವುದು ಗೋಡೆಯಲ್ಲ, ಮರದ ಚೌಕಟ್ಟು. ಕಂಬ, ತೊಲೆಗಳ ಕೀಲಿಗೆ ಮರದ ಬೆಣೆ ಹೊಡೆದಿರುತ್ತಾರೆ. ಬೆಣೆ ಹಿಂದಕ್ಕೆ ತಟ್ಟಿದರೆ ಕೀಲು ಕಳಚುತ್ತದೆ. ನಡುವೆ ತುಂಬಿದ ಇಟ್ಟಿಗೆ, ಮಣ್ಣನ್ನು ಮೊದಲೇ ತೆಗೆಯಬೇಕು.

ಅದಕ್ಕೂ ಮುಂಚೆ ಪ್ರತಿ ಗೋಡೆಯ ಎದುರು ಅಳತೆಪಟ್ಟಿ ನಿಲ್ಲಿಸಿ ಫೋಟೊ ತೆಗೆಯಿರಿ, ನಕ್ಷೆ ಬರೆಯಿರಿ. ಪ್ರತಿ ಮರಕ್ಕೂ ಗೋಡೆಯ ಅಕ್ಷರ, ಸಾಲು, ಸಂಖ್ಯೆ ಇರುವ ಲೋಹದ ಬಿಲ್ಲೆ ಬೇಕು. ಅದೇ ಗುರುತು ನಕ್ಷೆಯಲ್ಲೂ ಇರಲಿ. ಸೀಮೆಸುಣ್ಣದಲ್ಲಿ ಬರೆದದ್ದು ಮೊದಲ ಮಳೆಗೇ ಹೋಗುತ್ತದೆ. ಬಿಲ್ಲೆಯನ್ನು ಕೀಲಿನ ಮೇಲಾಗಲಿ, ಹಳೆಯ ಬಡಗಿ ಕೆತ್ತಿದ ಗುರುತಿನ ಮೇಲಾಗಲಿ ಹೊಡೆಯಬೇಡಿ. ಜೋಡಣೆಯ ಕ್ರಮಕ್ಕೆ ಆ ಗುರುತೇ ಅತ್ಯಂತ ನಂಬಿಕೆಯ ಸಾಕ್ಷಿ. ಮೇಲಿನಿಂದ ಕೆಳಕ್ಕೆ ಬಿಚ್ಚಿ: ಹೆಂಚು, ಪಟ್ಟಿ, ಜಂತೆ, ತೊಲೆ, ಕಡೆಗೆ ಕಂಬ. ಇಳಿಸಿದ ಮರವನ್ನು ನೆಲಕ್ಕೆ ತಾಗಿಸದೆ, ನಡುವೆ ರೀಪು ಕೊಟ್ಟು, ಗಾಳಿಯಾಡುವ ನೆರಳಲ್ಲಿ ಜೋಡಿಸಿ. ಬಿಸಿಲಿಗಿಟ್ಟರೆ ತಿರುಚಿಕೊಂಡು ಕೀಲು ಮರಳಿ ಕೂರುವುದಿಲ್ಲ.

ಹೆಚ್ಚಾಗಿ ಕೊಳೆತಿರುವುದು ನೆಲದ ತೇವ ಹೀರಿದ ಅಡಿದಿಮ್ಮಿ ಮತ್ತು ಕಂಬದ ಬುಡ. ಕೊಳೆತಷ್ಟನ್ನೇ ಕೊಯ್ದು ಅದೇ ಜಾತಿಯ ಒಣಗಿದ ಮರವನ್ನು ಓರೆ ಜೋಡಣೆಯಲ್ಲಿ ಕೂರಿಸಬೇಕು. ಹಸಿಮರ ಒಣಗುತ್ತ ಕುಗ್ಗಿ ಸಂದು ಬಿಡುತ್ತದೆ. ಇಡೀ ಕಂಬ ಬದಲಿಸಲು ಒಪ್ಪಲೇಬೇಡಿ. ಹೊಸ ತುಂಡಿನ ಮೇಲೆ ವರ್ಷ ಕೆತ್ತಿಸಿ, ಯಾವುದು ಹಳತು ಯಾವುದು ಹೊಸತು ಎಂಬುದು ಮುಂದಿನವರಿಗೂ ತಿಳಿಯಲಿ.