ಲಂಟಾನಕ್ಕೆ ಮಚ್ಚು ಸಾಲದು

ಪ್ರಶ್ನೆ: ನಮ್ಮೂರ ಹಿಂದಿನ ಗುಡ್ಡದ ಗೋಮಾಳ ಪೂರ್ತಿ ಲಂಟಾನ ಆಗಿದೆ. ಹುಡುಗರೆಲ್ಲ ಸೇರಿ ವರ್ಷಾ ವರ್ಷ ಮಚ್ಚಿನಲ್ಲಿ ಸವರುತ್ತೇವೆ. ಮಳೆ ಬಿದ್ದರೆ ಮೊದಲಿಗಿಂತ ಜಾಸ್ತಿ ಚಿಗುರುತ್ತದೆ. ಬೆಂಕಿ ಹಾಕೋಣ ಅಂತಾರೆ ಕೆಲವರು. ಏನು ಮಾಡೋಣ?
– ಓದುಗರೊಬ್ಬರು, ಪಾಂಡವಪುರ ತಾಲ್ಲೂಕು

ಉತ್ತರ: ಬೆಂಕಿ ಮಾತ್ರ ಖಂಡಿತ ಬೇಡ. ಒಣಗಿದ ಲಂಟಾನ ಹತ್ತಿಕೊಂಡರೆ ಉರಿ ಮರದ ಕೊಂಬೆವರೆಗೂ ಏರುತ್ತದೆ. ಕಮರ, ಜಾಲಿ, ನೆಲ್ಲಿಯ ಎಳೆ ಸಸಿಗಳೆಲ್ಲ ಸುಟ್ಟು ಹೋಗುತ್ತವೆ. ಲಂಟಾನ ಮಾತ್ರ ಬುಡದಿಂದ ಮತ್ತೆ ಎದ್ದು ಬರುತ್ತದೆ.

ಒಂದು ಗಿಡದ ಬುಡದ ಮಣ್ಣು ಕೆರೆದು ನೋಡಿ. ಕಾಂಡ ಮತ್ತು ಬೇರು ಕೂಡುವ ಕಡೆ ಗಂಟಿನ ಹಾಗೆ ದಪ್ಪ ಇರುತ್ತದೆ. ಚಿಗುರು ಹೊರಡುವುದು ಅಲ್ಲಿಂದ. ಮಚ್ಚು ಬೀಳುವುದು ಆ ಗಂಟಿಗಿಂತ ಮೇಲ್ಗಡೆ, ಹಾಗಾಗಿ ನೀವು ಸವರಿದಷ್ಟೂ ಕವಲು ಒಡೆಯುತ್ತದೆ. ಆ ಗಂಟಿನ ಕೆಳಗೆ, ಮಣ್ಣಿನೊಳಗೆ 3ರಿಂದ 5 ಸೆಂಟಿಮೀಟರ್ ಆಳದಲ್ಲಿ, ತಾಯಿಬೇರಿಗೇ ಪಿಕಾಸಿ ಏಟು ಹಾಕಬೇಕು. ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಢಿಗೆ ತಂದ ವಿಧಾನ ಇದು. ಇಡೀ ಗುಂಡಿ ಅಗೆಯುವ ಕೆಲಸ ಇಲ್ಲ, ಮಣ್ಣೂ ಸಡಿಲ ಆಗಲ್ಲ. ಗುಡ್ಡದ ಇಳಿಜಾರಿನಲ್ಲಿ ಅದು ತುಂಬ ಮುಖ್ಯ, ಅಲ್ವಾ?

ಕಡಿದ ಪೊದೆಯನ್ನು ಹಾಗೇ ಎಸೆಯಬೇಡಿ. ರೆಂಬೆ ಹಸಿ ಮಣ್ಣಿಗೆ ತಾಗಿದರೆ ಅಲ್ಲೇ ಬೇರು ಬಿಡುತ್ತದೆ. ತಲೆಕೆಳಗು ಮಾಡಿ, ಬೇರು ಮೇಲೆ ಬರುವ ಹಾಗೆ ಬಂಡೆ ಮೇಲೋ ಇನ್ನೊಂದು ಪೊದೆ ಮೇಲೋ ಒಣಗಲು ಹಾಕಿ. ಭರಣಿ, ಕೃತ್ತಿಕೆ ಮಳೆಗೆ ನೆಲ ಮೆತ್ತಗಾದಾಗ ಕೆಲಸ ಸಲೀಸು. ಆದರೆ ಕಾಯಿ ಕಪ್ಪಾಗಿ ಹಣ್ಣಾಗುವ ಮೊದಲೇ ಮುಗಿಸಿ. ಪಿಕಳಾರ ಹಕ್ಕಿಗಳು ಹಣ್ಣು ತಿಂದು ಬೀಜ ಎಲ್ಲೆಲ್ಲೋ ಹಾಕುತ್ತವೆ. ಅದಕ್ಕೇ ನೋಡಿ, ಹಕ್ಕಿ ಕೂರುವ ಮರಗಳ ಅಡಿಯಲ್ಲಿ ಸಸಿ ಜಾಸ್ತಿ. ಮುಂದಿನ ಮಳೆಗಾಲದಲ್ಲಿ ಮೊದಲು ಅಲ್ಲಿ ಹುಡುಕಿ, ಕೈಯಲ್ಲೇ ಕಿತ್ತುಬಿಡಿ.

ಇನ್ನೊಂದು ಮಾತು. ದಟ್ಟ ಇರುವ ಕಡೆ ಮೊದಲು ನುಗ್ಗುವುದು ನಮ್ಮ ಹುಡುಗರ ಅಭ್ಯಾಸ. ಅದು ಬೇಡ. ಅಲ್ಲೊಂದು ಇಲ್ಲೊಂದು ಪೊದೆ ಇದ್ದು, ಹುಲ್ಲು ಇನ್ನೂ ಉಳಿದಿರುವ ಅಂಚಿನಿಂದ ಶುರು ಮಾಡಿ. ಒಂದೆಕರೆ ಆದರೂ ಸರಿ, ಅದನ್ನು ಮೂರ್ನಾಲ್ಕು ವರ್ಷ ಬಿಡದೆ ನೋಡಿಕೊಳ್ಳಿ. ಒಂದೇ ಸಲ ಇಡೀ ಗುಡ್ಡ ಬೋಳಿಸಿದರೆ ಆ ಜಾಗಕ್ಕೆ ಕಾಂಗ್ರೆಸ್ ಗಿಡ ಬಂದು ಕೂರುತ್ತದೆ. ನನಗೆ ನಿಜಕ್ಕೂ ಸಂಕಟ ಆಗುವುದು ಅದನ್ನು ನೋಡಿದಾಗ. ತೆರವಾದ ಕಡೆ ಪಕ್ಕದ ಹುಲ್ಲಿನದ್ದೇ ಬೀಜ ಎರಚಿ. ಹುಲ್ಲು ಹಿಡಿಯುವವರೆಗೆ ಅಷ್ಟು ಜಾಗಕ್ಕೆ ದನ, ಆಡು ಬಿಡಬೇಡಿ. ಅವು ಹುಲ್ಲು ಮೇಯುತ್ತವೆ, ಲಂಟಾನ ಮುಟ್ಟಲ್ಲ. ಹಸಿವಿಗೆ ತಿಂದ ದನಕ್ಕೆ ಕಾಮಾಲೆ ಆಗಿ, ಬಿಸಿಲಿಗೆ ಚರ್ಮ ಸುಲಿಯುತ್ತದೆ.

ಗೋಮಾಳ ಅಂದಿದ್ದೀರಿ, ಪಂಚಾಯ್ತಿಗೆ ಹೇಳಿ ಶುರು ಮಾಡಿ. ಮೇಲುಕೋಟೆ ಕಡೆ ವನ್ಯಜೀವಿಧಾಮದ ಗಡಿ ಎಲ್ಲಿ ಅಂತ ಮೊದಲೇ ವಿಚಾರಿಸಿ. ಗಡಿಯೊಳಗೆ ಬಂದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಗಿಡವನ್ನೂ ಮುಟ್ಟುವ ಹಾಗಿಲ್ಲ, ಅದು ಲಂಟಾನವೇ ಆಗಿದ್ದರೂ.